ಮೂಗಿ ಕೂತ ಜಾಗ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ನಾಯಿ ಟೀಚರ್ ಎಂದೇ ಕರೆಯುತ್ತಿದ್ದರು. ಮನೆಯ ಹಿಂದಿನ ಅಂಗಳದಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ, ಹದಿನಾಲ್ಕು ವರ್ಷದಿಂದ ಅವಳು ಊರವರ ನಾಯಿಗಳಿಗೆ ಕೂರುವುದು, ನಿಲ್ಲುವುದು, ಕರೆದರೆ ಬರುವುದು ಕಲಿಸಿಕೊಂಡು ಬಂದಿದ್ದಳು. ನಾಯಿಗಿಂತ ಅದರ ಯಜಮಾನರಿಗೇ ಪಾಠ ಬೇಕು ಎನ್ನುವುದು ಅವಳ ಹಳೆಯ ದೂರು. ಒಂದು ಮಾತನ್ನು ಹತ್ತು ಸಲ ಕೂಗಿದರೆ ನಾಯಿ ಹತ್ತನೆಯ ಸಲಕ್ಕೆ ಕೇಳುವುದನ್ನೇ ಕಲಿಯುತ್ತದೆ, ಅದರದ್ದೇನು ತಪ್ಪು ಎಂದು ಅವಳು ಕೇಳುತ್ತಿದ್ದಳು.

ಮೂಗಿ ಅವಳ ಕೈಗೆ ಬಂದದ್ದು ಎಂಟು ತಿಂಗಳ ಮರಿಯಾಗಿ. ಮನೆ ಬದಲಾಯಿಸುತ್ತಿದ್ದ ಗಂಡ ಹೆಂಡತಿ, ಹೊಸ ಮನೆಯಲ್ಲಿ ನಾಯಿ ಸಾಕಲು ಬಿಡುವುದಿಲ್ಲ ಎಂದು ಹೇಳಿ, ಹಗ್ಗವನ್ನು ಗೇಟಿಗೆ ಕಟ್ಟಿ ಹೋಗಿದ್ದರು. ಕಂದು ಬಣ್ಣದ ಬೀದಿ ತಳಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಬಂದ ಮೂರು ವಾರ ಅದರ ಬಾಯಿಂದ ಒಂದು ಬೊಗಳೂ ಹೊರಬರಲಿಲ್ಲ. ಅದಕ್ಕೇ ಮೂಗಿ ಎಂದು ಹೆಸರಾಯಿತು. ಆಮೇಲೆ ಅದರ ಮೂಗಿನ ಕಸುಬು ನೋಡಿದವರು, ಹೆಸರಿಟ್ಟದ್ದು ಸರಿಯಾಗಿಯೇ ಇದೆ ಎಂದು ನಕ್ಕರು.

ಮೊದಲ ಪಾಠ ಕೂರುವುದು. ಮುಷ್ಟಿಯಲ್ಲಿ ಬ್ರೆಡ್ಡಿನ ಚೂರು ಹಿಡಿದು ಮೂಗಿನ ಮೇಲಿಂದ ಹಿಂದಕ್ಕೆ ಒಯ್ದರೆ ತಲೆ ಮೇಲೇಳುತ್ತದೆ, ಹಿಂಭಾಗ ತಾನಾಗಿ ನೆಲಕ್ಕೆ ಬರುತ್ತದೆ. ಎರಡನೆಯದು ಬರುವುದು, ಮೂರನೆಯದು ತಡೆಯುವುದು. ನಾಲ್ಕನೆಯದೇ ಕಷ್ಟದ್ದು: ಬಿಡುವುದು. ಬಾಯಿಯ ಮುಂದೆ ಇರುವುದನ್ನು, ಮನಸ್ಸು ಪೂರ್ತಿ ಬೇಕು ಎನ್ನುತ್ತಿರುವುದನ್ನು, ಒಂದು ಮಾತಿಗೆ ಬಿಟ್ಟು ಮುಖ ತಿರುಗಿಸುವುದು. ಮನುಷ್ಯರಿಗೇ ಬಾರದ ವಿದ್ಯೆ ಅದು. ಮೂಗಿ ಅದನ್ನು ಒಂಬತ್ತು ದಿನದಲ್ಲಿ ಕಲಿತಳು. ಅಂಗಳದಲ್ಲಿ ಬೇಯಿಸಿದ ಮೊಟ್ಟೆಯನ್ನಿಟ್ಟು ‘ಬಿಡು’ ಎಂದರೆ, ಅದರ ಸುತ್ತ ಬಳಸಿ ನಡೆದು ಬಂದು ಟೀಚರ್ ಮುಖ ನೋಡುತ್ತಿದ್ದಳು. ಆ ನೋಟ ಟೀಚರ್‌ಗೆ ಹೆಮ್ಮೆಯ ವಿಷಯ. ‘ನನ್ನ ಮುಖದಲ್ಲೇ ಓದ್ತಾಳೆ’ ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಆಮೇಲೆ ವಾಸನೆಯ ಪಾಠ ಶುರುವಾಯಿತು. ಇದನ್ನು ಟೀಚರ್‌ಗೆ ಕಲಿಸಿದ್ದು ಪೊಲೀಸ್ ಶ್ವಾನದಳದಿಂದ ನಿವೃತ್ತರಾಗಿ ಊರಾಚೆ ಒಬ್ಬರೇ ಇದ್ದ ಮೇಷ್ಟ್ರು. ಮುಚ್ಚಳಕ್ಕೆ ತೂತು ಕೊರೆದ ಆರು ಡಬ್ಬಿ ಸಾಲಾಗಿಟ್ಟು, ಒಂದರಲ್ಲಿ ಮಾತ್ರ ವಾಸನೆಯ ಬಟ್ಟೆ ಇಡಬೇಕು. ಸರಿಯಾದ ಡಬ್ಬಿಯ ಮುಂದೆ ಮೂಗಿ ನಿಂತ ಕ್ಷಣ ಹಳೆಯ ಟೆನಿಸ್ ಚೆಂಡು ಎಸೆಯಬೇಕು. ಆಮೇಲೆ ನಿಂತರೆ ಸಾಲದು, ಕೂರಬೇಕು. ಕೂತು, ಅಲ್ಲಾಡದೆ, ಡಬ್ಬಿಯನ್ನೇ ದಿಟ್ಟಿಸಬೇಕು. ಮೂಗಿಗೆ ಚೆಂಡೆಂದರೆ ಪ್ರಾಣ. ಎರಡೇ ತಿಂಗಳಲ್ಲಿ ಆರು ಡಬ್ಬಿ ಹೋಗಿ ಹನ್ನೆರಡಾಯಿತು, ಡಬ್ಬಿ ಹೋಗಿ ಚೀಲ ಬಂತು, ಚೀಲ ಹೋಗಿ ಮನುಷ್ಯರ ಜೇಬು ಬಂತು.

ಆ ಹೊತ್ತಿಗೆ ಔಷಧದ ಉಗ್ರಾಣದ ಮ್ಯಾನೇಜರ್ ಅವಳ ಮನೆ ಬಾಗಿಲಿಗೆ ಬಂದರು. ಬಸ್ ನಿಲ್ದಾಣದ ಹಿಂದಿನ ಆ ದೊಡ್ಡ ತಗಡಿನ ಕಟ್ಟಡದಿಂದ ಸುತ್ತಲಿನ ಆಸ್ಪತ್ರೆಗಳಿಗೆಲ್ಲ ಔಷಧ ಹೋಗುತ್ತಿತ್ತು. ಆರು ತಿಂಗಳಿಂದ, ಆಪರೇಷನ್ ಆದವರಿಗೆ ಕೊಡುವ ಒಂದು ಕಡುನೋವಿನ ಮಾತ್ರೆ ಕಾಣೆಯಾಗುತ್ತಿದೆ, ಕಿಟಕಿ ಬಾಗಿಲು ಒಡೆದಿಲ್ಲ, ಹೊರಗಿನವರ ಕೆಲಸವಲ್ಲ ಎಂದು ಮ್ಯಾನೇಜರ್ ದನಿ ತಗ್ಗಿಸಿ ಹೇಳಿದರು. ಸಂಜೆ ಪಾಳಿ ಬಿಡುವಾಗ ಎಲ್ಲರ ಚೀಲ ತೆಗೆಸಿ ನೋಡಿದರೂ ಏನೂ ಸಿಗುತ್ತಿರಲಿಲ್ಲ. ನಾಯಿಯ ಕೈಲಾಗುತ್ತದೆಯೇ ಎಂದು ಕೇಳಿದರು.

ಆಗುತ್ತದೆ ಎಂದಳು ಟೀಚರ್. ಹೇಳುವಾಗಲೇ ಅವಳ ಕಣ್ಣ ಮುಂದೆ ಒಂದು ಮುಖ ಬಂದು ನಿಂತಿತ್ತು. ಆ ಉಗ್ರಾಣದ ಸ್ಟೋರ್ ಕೀಪರ್ ಅವಳ ಅಕ್ಕನ ಗಂಡ.

ಭಾವನ ಮೇಲೆ ಅವಳಿಗೆ ನಂಬಿಕೆ ಎನ್ನುವುದು ಎಂದೂ ಇರಲಿಲ್ಲ. ಏಕೆ ಎಂದು ಕೇಳಿದರೆ ಬೆರಳು ಮಡಚಿ ಹೇಳುವಂಥದ್ದೇನೂ ಇಲ್ಲ. ಮಾತಾಡುವಾಗ ಮುಖ ನೋಡುವುದಿಲ್ಲ. ಎಲ್ಲದಕ್ಕೂ ಬೆಣ್ಣೆಯಂತೆ ನಗುತ್ತಾನೆ. ಫೋನ್ ಬಂದರೆ ಎದ್ದು ಹೊರಗೆ ಹೋಗುತ್ತಾನೆ. ‘ನಿಂಗೆ ಅವರ ನೆರಳು ಕಂಡ್ರೂ ಆಗಲ್ಲ’ ಎಂದು ಅಕ್ಕ ನಗುತ್ತಲೇ ಅನ್ನುತ್ತಿದ್ದಳು. ಇವಳೂ ನಗುತ್ತಲೇ ಮಾತು ಬದಲಿಸುತ್ತಿದ್ದಳು.

ಮ್ಯಾನೇಜರ್‌ಗೆ ಈ ಸಂಬಂಧವನ್ನು ಮೊದಲೇ ತಿಳಿಸಿದಳು. ಅವರು, ಸಂಬಂಧ ನಿಮಗೆ, ನಾಯಿಗೆ ಅಲ್ಲವಲ್ಲ ಎಂದರು.

ಮಾತ್ರೆಯ ವಾಸನೆ ಹಿಡಿಸಲು ಎರಡು ತಿಂಗಳು ಹಿಡಿಯಿತು. ಖಾಲಿಯಾದ ಬಾಟಲಿಗಳೊಳಗೆ ಹತ್ತಿ ತುರುಕಿ ವಾರಗಟ್ಟಲೆ ಮುಚ್ಚಿಟ್ಟರೆ ಹತ್ತಿಗೆ ಆ ಕಹಿ ವಾಸನೆ ಹತ್ತುತ್ತದೆ. ಅಡುಗೆಮನೆಯ ಡಬ್ಬಗಳ ನಡುವೆ, ಚಪ್ಪಲಿಯೊಳಗೆ, ಒದ್ದೆ ಬಟ್ಟೆಯ ಬಕೆಟ್ಟಿನ ಕೆಳಗೆ ಟೀಚರ್ ಅದನ್ನು ಬಚ್ಚಿಡುತ್ತಿದ್ದಳು. ‘ಹುಡುಕು’ ಅಂದದ್ದೇ ತಡ, ಮೂಗಿ ಹೊರಟು ಹೋಗಿ ಪತ್ತೆ ಮಾಡಿ ಕೂರುತ್ತಿದ್ದಳು. ನೂರಕ್ಕೆ ತೊಂಬತ್ತೆಂಟು ಸರಿ.

ಮೊದಲ ತಪಾಸಣೆಯ ದಿನ ಉಗ್ರಾಣದ ಉದ್ದನೆಯ ಓಣಿಯಲ್ಲಿ ಇಪ್ಪತ್ತಾರು ಜನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಚೀಲಗಳು ಕಾಲ ಬಳಿ. ಗೇಟಿನ ಸೂಪರ್‌ವೈಸರ್, ಪೊದೆ ಮೀಸೆಯವನು, ಟೀಚರ್ ಕಿವಿಯ ಹತ್ತಿರ ಬಗ್ಗಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಯಾರು ಹೆಗಲು ಮುಟ್ಟಿಕೊಳ್ತಾರೆ ನೋಡ್ತಾ ಇರಿ ಎಂದ. ಅವಳು ನೋಡಿದಳು. ಭಾವ ಹನ್ನೊಂದನೆಯವನಾಗಿ ನಿಂತಿದ್ದ. ಅಂಗಿಯ ಗುಂಡಿಯನ್ನು ತಿರುಗಿಸುತ್ತಿದ್ದ.

ಮೂಗಿ ಸಾಲಿನ ತುದಿಯಿಂದ ಶುರು ಮಾಡಿದಳು. ನಾಲ್ಕನೆಯವಳು ಪ್ಯಾಕಿಂಗ್ ಅಮ್ಮ. ಇಪ್ಪತ್ತು ವರ್ಷದಿಂದ ಅಲ್ಲಿದ್ದ, ಎಲ್ಲರೂ ಅಮ್ಮ ಎಂದೇ ಕರೆಯುತ್ತಿದ್ದ ಹೆಂಗಸು. ಅಂದು ಬಂದ ಕೂಡಲೇ ಟೀಚರ್‌ಗೆ ಕುರ್ಚಿ ತಂದುಕೊಟ್ಟು, ಮೂಗಿಗೆ ಬಟ್ಟಲಲ್ಲಿ ನೀರಿಟ್ಟು ಉಪಚರಿಸಿದವಳು. ಅವಳ ಊಟದ ಬುಟ್ಟಿಗೆ ಮೂಗಿ ಮೂಗು ತೂರಿಸಿದಳು. ಸಾರಿನ ವಾಸನೆಗೆ ಸೋತಳು ಎಂದು ಟೀಚರ್‌ಗೆ ನಾಚಿಕೆಯಾಯಿತು. ಹಗ್ಗ ಗಿಡ್ಡ ಮಾಡಿ ‘ಬಿಡು’ ಎಂದಳು. ಮೂಗಿ ತಕ್ಷಣ ಬಿಟ್ಟು ಮುಂದೆ ನಡೆದಳು. ಎಂಥಾ ಶಿಸ್ತು ಎಂದು ಯಾರೋ ಮೆಚ್ಚಿಕೊಂಡರು.

ಹನ್ನೊಂದನೆಯ ಚೀಲದ ಮುಂದೆ ಮೂಗಿ ನಿಂತಳು. ಮೂಸಿದಳು. ತಲೆಯೆತ್ತಿ ಟೀಚರ್ ಮುಖ ನೋಡಿದಳು. ಕೂತಳು.

ಭಾವ ನಗಲು ನೋಡಿದ. ಚೀಲದಲ್ಲಿ ಸಿಕ್ಕಿದ್ದು ಒಂದು ಕೊಡೆ, ಊಟದ ಡಬ್ಬಿ, ಕನ್ನಡಕದ ಗೂಡು, ಅಷ್ಟೆ. ಆದರೆ ನಿನ್ನೆ ಇದ್ದದ್ದರ ವಾಸನೆಯೂ ಇವತ್ತು ನಾಯಿಗೆ ಸಿಗುತ್ತದೆ ಎನ್ನುವುದು ಟೀಚರ್‌ಗೆ ಗೊತ್ತಿತ್ತು. ಹಾಗೆಂದು ಅವಳೇ ಮ್ಯಾನೇಜರ್‌ಗೆ ವಿವರಿಸಿದಳು. ಮೂಗಿಗೆ ಚೆಂಡು ಎಸೆದಳು.

ಮುಂದಿನ ವಾರ ಭಾವನನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದರು. ಮೂಗಿ ಕೊನೆಯಲ್ಲೇ ಹೋಗಿ ಕೂತಳು. ಮೂರನೆಯ ಸಲ ಚೀಲವೇ ಇಲ್ಲದೆ ನಿಂತರೂ ಅವನ ಚಪ್ಪಲಿಯ ಮುಂದೆ ಕೂತಳು. ಸೀಲು ಹಾಕಿದ ಪೆಟ್ಟಿಗೆ ಬಿಟ್ಟರೆ ಬಿಡಿ ಮಾತ್ರೆ ಮುಟ್ಟುವ ಕೆಲಸವೇ ನಿಮಗಿಲ್ಲ, ಹಾಗಾದರೆ ವಾಸನೆ ಎಲ್ಲಿಂದ ಬಂತು ಎಂದು ಮ್ಯಾನೇಜರ್ ಕೇಳಿದರು. ವಿಚಾರಣೆ ಮುಗಿಯುವವರೆಗೂ ಕೆಲಸಕ್ಕೆ ಬರಬೇಡಿ ಎಂದು ಅವನಿಗೆ ಕಾಗದ ಕೊಟ್ಟರು.

ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವ ಜನ. ಎರಡು ದಿನದಲ್ಲಿ ಅಕ್ಕನ ಬೀದಿಗೆಲ್ಲ ಸುದ್ದಿ ತಲುಪಿತು. ಭಾವ ಹೊಸ ಕೊಡೆ ಕೊಂಡದ್ದಕ್ಕೂ ಅರ್ಥ ಹುಟ್ಟಿತು. ಟೀಚರ್‌ಗೆ ಸಂಕಟವಾಯಿತು. ಆದರೆ ಸಂಕಟದ ಅಡಿಯಲ್ಲಿ, ನಾನು ಅಂದುಕೊಂಡಿದ್ದೇ ಸರಿ ಎನ್ನುವ ಸಣ್ಣ ತೃಪ್ತಿಯೂ ಇತ್ತು. ಅದನ್ನು ಅವಳು ತನಗೇ ಒಪ್ಪಿಕೊಳ್ಳಲಿಲ್ಲ.

ಅಕ್ಕ ಬಂದದ್ದು ನಾಲ್ಕನೆಯ ದಿನ. ಒಳಗೆ ಬರಲಿಲ್ಲ. ಹಿಂದಿನ ಅಂಗಳಕ್ಕೇ ಬಂದು, ಒಣಗಿದ ಬಟ್ಟೆಗಳ ನಡುವೆ ನಿಂತಳು. ಮೂಗಿ ಬಾಲ ಆಡಿಸುತ್ತ ಹೋದರೆ ಕಾಲು ಹಿಂದೆಗೆದುಕೊಂಡಳು.

“ಅವರು ಊಟ ಮಾಡ್ತಿಲ್ಲ,” ಎಂದಳು. “ಕೈ ಮೂಸಿ ಮೂಸಿ ನೋಡ್ಕೋತಾರೆ. ಸೋಪು ಹಾಕಿ ತೊಳೀತಾರೆ, ಮತ್ತೆ ಮೂಸ್ತಾರೆ. ನನ್ನ ಕೈಲಿ ಏನಿದೆ ನೋಡೇ ಅಂತ ನನ್ನ ಮುಖಕ್ಕೆ ಹಿಡೀತಾರೆ.”

ನಾಯಿಗೆ ಸುಳ್ಳು ಹೇಳಲು ಬರುವುದಿಲ್ಲ ಅಕ್ಕ ಎಂದಳು ಟೀಚರ್.

“ನಾಯಿಗೆ ಬರಲ್ಲ. ನಿನ್ನ ವಿಷಯ ನಂಗೆ ಗೊತ್ತಿಲ್ಲ.”

ಅಷ್ಟು ಹೇಳಿ ಅಕ್ಕ ಹೊರಟಳು. ಟೀಚರ್ ಮೂರೂ ತಪಾಸಣೆಗಳನ್ನು ಮನಸ್ಸಿನಲ್ಲಿ ಮತ್ತೆ ನಡೆಸಿ ನೋಡಿದಳು. ತಾನು ನಾಯಿಗೆ ಏನಾದರೂ ಹೇಳಿಕೊಟ್ಟಿದ್ದೇನೆಯೇ? ಇಲ್ಲ. ಎಷ್ಟು ಹುಡುಕಿದರೂ ಇಲ್ಲ.

ಭಾವ ಹೋದ ಮೂರನೆಯ ವಾರವೂ ಮಾತ್ರೆ ಕಾಣೆಯಾಯಿತು. ಮೀಸೆಯ ಸೂಪರ್‌ವೈಸರ್, ಒಳಗೆ ಅವನ ಜೊತೆಗಾರರು ಇರಬೇಕು ಎಂದ. ಈಗ ಎಲ್ಲರೂ ಎಲ್ಲರನ್ನೂ ನೋಡತೊಡಗಿದರು. ಊಟದ ಕೋಣೆಯಲ್ಲಿ ಡಬ್ಬಿಗಳನ್ನು ಪಕ್ಕಪಕ್ಕ ಇಡುತ್ತಿದ್ದವರು ದೂರ ದೂರ ಇಟ್ಟರು. ಮುಂದಿನ ತಪಾಸಣೆಯಲ್ಲಿ ಟೀಚರ್ ಕಣ್ಣು ಲಾರಿ ಡ್ರೈವರ್‌ನ ಮೇಲೆ ಬಿತ್ತು. ಭಾವನ ಜೊತೆ ಚಹಾ ಕುಡಿಯುತ್ತಿದ್ದವನು, ಬೆವರುತ್ತಿದ್ದ. ಮೂಗಿ ಅವನ ಮುಂದೆ ನಿಂತು, ಟೀಚರ್ ಮುಖ ನೋಡಿ, ಕೂತಳು.

ಚೆಂಡು ಎಸೆಯಲು ಎತ್ತಿದ ಕೈ ಅಲ್ಲೇ ನಿಂತಿತು. ಮೂಗಿ ಚೀಲವನ್ನು ದಿಟ್ಟಿಸುತ್ತಿರಲಿಲ್ಲ. ಕಲಿಸಿದ್ದು ಚೀಲವನ್ನು ದಿಟ್ಟಿಸಲು. ಅವಳು ನೋಡುತ್ತಿದ್ದದ್ದು ಟೀಚರ್ ಮುಖವನ್ನು, ಅಂಗಳದಲ್ಲಿ ಮೊಟ್ಟೆ ಬಿಟ್ಟು ಬಂದಾಗ ನೋಡುತ್ತಿದ್ದ ಹಾಗೆ. ಇದು ಲೆಕ್ಕಕ್ಕಿಲ್ಲ, ನಾಯಿಗೆ ಆಯಾಸವಾಗಿದೆ ಎಂದು ಮ್ಯಾನೇಜರ್‌ಗೆ ಹೇಳಿ, ಅವಳು ಸಾಲನ್ನು ಅರ್ಧಕ್ಕೆ ಬಿಟ್ಟು ಹೊರಬಂದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮೂಗಿಯನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಹೋದಳು. ಮೇಷ್ಟ್ರು ಪೂರ್ತಿ ಕೇಳಿದರು. ಅವಳನ್ನು ಒಳಗೆ ಕೂರಿಸಿ ಅಂಗಳದಲ್ಲಿ ಎಂಟು ಮಣ್ಣಿನ ಕುಂಡಗಳನ್ನು ಬೋರಲು ಹಾಕಿದರು. ಬಂದು, ಐದನೆಯ ಕುಂಡದ ಕೆಳಗೆ ಹತ್ತಿ ಇದೆ, ನಾಯಿಯನ್ನು ನಡೆಸು ಎಂದರು. ಮೂಗಿ ಐದನೆಯದರ ಮುಂದೆ ಕೂತಳು. ಜಾಗ ಬದಲಿಸಿ, ಈಗ ಎರಡನೆಯದು ಎಂದರು. ಎರಡನೆಯದರ ಮುಂದೆ ಕೂತಳು. ಮೂರನೆಯ ಸಲ ಏಳನೆಯದು ಎಂದರು. ಅಲ್ಲಿಯೂ ಕೂತಳು.

ಮೂಗು ಚೆನ್ನಾಗಿಯೇ ಇದೆಯಲ್ಲ ಎಂದು ಟೀಚರ್ ಉಸಿರು ಬಿಟ್ಟಳು. ಮೇಷ್ಟ್ರು ಎಂಟು ಕುಂಡಗಳನ್ನೂ ಒಂದೊಂದಾಗಿ ಮಗುಚಿದರು. ಯಾವುದರ ಕೆಳಗೂ ಏನೂ ಇರಲಿಲ್ಲ. ಅವಳು ತಂದಿದ್ದ ಹತ್ತಿಯ ಬಾಟಲಿ ಅವರ ಮನೆಯೊಳಗೆ, ಕಪಾಟಿನಲ್ಲಿ, ಮುಚ್ಚಿದಂತೆಯೇ ಇತ್ತು.

“ಐದನೆಯದು ಬಂದಾಗ ನೀನು ಉಸಿರು ಹಿಡಿದೆ,” ಎಂದರು ಮೇಷ್ಟ್ರು. “ಹೆಜ್ಜೆ ನಿಧಾನ ಆಯ್ತು. ಹಗ್ಗ ಸಡಿಲ ಬಿಟ್ಟೆ. ಅದಕ್ಕೆ ಇನ್ನೇನು ಬೇಕಮ್ಮ? ಚೆಂಡು ಕೊಡೋದು ಕುಂಡ ಅಲ್ಲ, ನೀನು. ಅದು ನಿನ್ನನ್ನೇ ಮೂಸ್ತಾ ಇದೆ.”

ಮನೆಯಲ್ಲಿ ಪ್ರತಿಸಲ ಹತ್ತಿಯನ್ನು ಬಚ್ಚಿಟ್ಟವಳೂ ಅವಳೇ, ಹುಡುಕಿಸಿದವಳೂ ಅವಳೇ. ಆ ತೊಂಬತ್ತೆಂಟರಲ್ಲಿ ಮೂಗಿನದ್ದೆಷ್ಟು, ತನ್ನ ಮುಖದ್ದೆಷ್ಟು ಎಂದು ಈಗ ಹೇಳುವವರು ಯಾರು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಕೇಳಿದ್ದಳು. ಅದು ಹಗ್ಗದ ಗುಂಟ ಇಳಿದು ನಾಯಿಗೂ ಹತ್ತುತ್ತದೆ ಎಂದು ಕೇಳಿರಲಿಲ್ಲ. ಅವಳು ಮೇಷ್ಟ್ರ ಜಗಲಿಯ ಮೇಲೆ ಕೂತು ಬಹಳ ಹೊತ್ತು ಅತ್ತಳು. ಮೂಗಿ ಬಂದು ಮೊಣಕಾಲಿಗೆ ತಲೆಯಿಟ್ಟಳು. ಮೊದಲ ಬಾರಿ ಅವಳಿಗೆ ಆ ನಾಯಿಯ ಮುಖ ನೋಡಲು ಭಯವಾಯಿತು.

ಅಲ್ಲಿಂದ ನೇರ ಉಗ್ರಾಣಕ್ಕೆ ಹೋಗಿ ಮ್ಯಾನೇಜರ್ ಮುಂದೆ ಎಲ್ಲ ಹೇಳಿದಳು. ಅವರು ಕೆಂಡವಾದರು. ಒಬ್ಬ ಮನುಷ್ಯನ ಮರ್ಯಾದೆ ತೆಗೆಸಿ ಈಗ ನಾಯಿಗೆ ಗೊತ್ತಿಲ್ಲ ಅಂತೀರಾ ಎಂದರು. ನಾಯಿಗಲ್ಲ, ನನಗೆ ಗೊತ್ತಿರಲಿಲ್ಲ ಎಂದಳು. ಇನ್ನೊಂದು ಅವಕಾಶ ಕೇಳಿದಳು. ಈ ಸಲ ಮೇಷ್ಟ್ರು ಜೊತೆಗಿರುತ್ತಾರೆ, ಪಾಠದಲ್ಲಿ ಮಾತ್ರೆಯ ವಾಸನೆ ಎಲ್ಲಿದೆ ಎಂದು ತನಗೆ ತಿಳಿಯದ ಹಾಗೆ ಅವರೇ ಇಡುತ್ತಾರೆ ಎಂದಳು. ಮ್ಯಾನೇಜರ್ ಒಪ್ಪಿದ್ದು ಅವಳ ಮೇಲಿನ ವಿಶ್ವಾಸದಿಂದಲ್ಲ, ಬೇರೆ ದಾರಿಯಿಲ್ಲದೆ.

ಆರು ವಾರ ಮತ್ತೆ ಮೊದಲಿನಿಂದ ಪಾಠ. ಹಗ್ಗವಿಲ್ಲ. ಟೀಚರ್ ಒಂದು ಮಡಿಸುವ ಪರದೆಯ ಹಿಂದೆ ನಿಂತು ‘ಹುಡುಕು’ ಎಂದಷ್ಟೇ ಹೇಳಬೇಕು. ಡಬ್ಬಿ ಇಟ್ಟ ಮೇಷ್ಟ್ರೂ, ವಾಸನೆ ಯಾವುದರಲ್ಲಿದೆ ಎಂದು ಚೀಟಿಯಲ್ಲಿ ಬರೆದುಕೊಂಡು, ಆಚೆ ಹೋಗಬೇಕು. ಮೊದಲ ವಾರ ಮೂಗಿ ಕಂಗಾಲಾದಳು. ಡಬ್ಬಿಗಳ ನಡುವೆ ನಿಂತು ಮುಖ ಹುಡುಕಿದಳು. ಸಿಗದೆ ಪರದೆಯ ಹಿಂದೆ ಬಂದು ನಿಂತಳು. ಹನ್ನೆರಡನೆಯ ದಿನ, ಯಾರ ಮುಖವೂ ಇಲ್ಲದೆ, ಒಂದು ಡಬ್ಬಿಯ ಮುಂದೆ ಕೂತು ಅದನ್ನೇ ದಿಟ್ಟಿಸಿದಳು. ಮೇಷ್ಟ್ರು ಚೀಟಿ ತೆಗೆದು ನೋಡಿ, ಸರಿ ಎಂದರು. ಸರಿಯಾದದ್ದು ಮೊದಲು ಹತ್ತಕ್ಕೆ ಆರು. ನಿಧಾನವಾಗಿ ಎಂಟು, ಒಂಬತ್ತು.

ಹೊಸ ತಪಾಸಣೆಯಲ್ಲಿ ಜನರನ್ನು ನಿಲ್ಲಿಸಲಿಲ್ಲ. ಎಲ್ಲರೂ ತಮ್ಮ ಚೀಲ, ಬುಟ್ಟಿಗಳನ್ನು ಓಣಿಯಲ್ಲಿಟ್ಟು ಹೊರಗೆ ಹೋದರು. ಮೇಷ್ಟ್ರು ಎಲ್ಲದರ ಮೇಲೂ ಒಂದೇ ತರಹದ ಬಿಳಿ ಬಟ್ಟೆ ಹೊದಿಸಿ, ಜಾಗ ಅದಲುಬದಲು ಮಾಡಿ, ಹೊರನಡೆದರು. ಪರದೆಯ ಹಿಂದಿದ್ದ ಟೀಚರ್‌ಗೆ ಮೂಗಿಯ ಉಗುರುಗಳು ನೆಲಕ್ಕೆ ತಾಕುವ ಸದ್ದಷ್ಟೇ ಕೇಳುತ್ತಿತ್ತು. ಟಕ್ ಟಕ್ ಟಕ್. ಸದ್ದು ಓಣಿಯ ತುದಿಯವರೆಗೂ ಹೋಯಿತು, ಅರ್ಧದವರೆಗೆ ವಾಪಸ್ ಬಂತು. ಆಮೇಲೆ ನಿಂತಿತು.

ಬಟ್ಟೆ ಎತ್ತಿದಾಗ ಕಂಡದ್ದು ಊಟದ ಬುಟ್ಟಿ. ಒಳಗೆ ಸಾರಿನ ಫ್ಲಾಸ್ಕು. ಫ್ಲಾಸ್ಕಿನ ತಳ ಬಿಚ್ಚಿದಾಗ, ಗಾಜಿಗೂ ತಗಡಿಗೂ ನಡುವಿನ ಜಾಗದಲ್ಲಿ, ಪ್ಲಾಸ್ಟಿಕ್ ಸುತ್ತಿದ ಮಾತ್ರೆಗಳಿದ್ದವು.

ಬುಟ್ಟಿ ಪ್ಯಾಕಿಂಗ್ ಅಮ್ಮನದು. ಮಾತ್ರೆಗಳು ಅವಳ ಅಕ್ಕನ ಮಗನ ಅಂಗಡಿಗೆ ಹೋಗುತ್ತಿದ್ದವೆಂದು ಆಮೇಲೆ ತಿಳಿಯಿತು. ಪೊಲೀಸರ ಜೊತೆ ಹೊರಡುವ ಮೊದಲು ಅವಳು ಟೀಚರ್ ಹತ್ತಿರ ನಿಂತು, ಮೊದಲ ದಿನಾನೇ ಹಿಡಿದಿತ್ತಲ್ಲಮ್ಮ ನಿನ್ನ ನಾಯಿ, ನೀನೇ ಬಿಡಿಸಿದೆ ಎಂದಳು. ಅದರಲ್ಲಿ ಕುಹಕವಿರಲಿಲ್ಲ. ಮಾಮೂಲಿ ಮಾತಿನಂತೆ ಹೇಳಿದಳು. ಅದೇ ಟೀಚರ್‌ಗೆ ಹೆಚ್ಚು ನಾಟಿತು.

ಅಂದು ಸಂಜೆಯೇ ಮ್ಯಾನೇಜರ್ ಭಾವನ ಮನೆಗೆ ಹೋಗಿ ಕ್ಷಮೆ ಕೇಳಿದರು. ಟೀಚರ್ ಹೋಗಲು ಮೂರು ದಿನ ಬೇಕಾಯಿತು. ನಾಯಿಯನ್ನು ಬಿಟ್ಟು ಒಬ್ಬಳೇ ಹೋದಳು. ಅಕ್ಕ ಬಾಗಿಲು ತೆಗೆದು ಅಡುಗೆಮನೆಗೆ ನಡೆದಳು. ಭಾವ ಕಿಟಕಿಯ ಬಳಿ ಕುರ್ಚಿಯಲ್ಲಿದ್ದ. ಎರಡು ತಿಂಗಳಲ್ಲಿ ಅಂಗಿ ದೊಡ್ಡದಾದಂತೆ ಕಾಣುತ್ತಿತ್ತು. ಕೈಗಳ ಚರ್ಮ ಸೋಪಿಗೆ ಬಿರಿದಿತ್ತು.

ಅವಳು ನಡೆದದ್ದನ್ನೆಲ್ಲ, ಕುಂಡಗಳ ಪರೀಕ್ಷೆಯನ್ನೂ ಸೇರಿಸಿ, ಒಂದೂ ಮುಚ್ಚಿಡದೆ ಹೇಳಿದಳು. ತಪ್ಪು ನಾಯಿಯದಲ್ಲ, ನನ್ನದು ಎಂದಳು. ಭಾವ ಎಂದಿನಂತೆ ಮುಖ ನೋಡದೆಯೇ ಕೇಳಿಸಿಕೊಂಡ.

“ಒಂದು ಕೇಳ್ತೀನಿ,” ಎಂದ. “ನಾನು ಕಳ್ಳ ಅಂತ ನಿಂಗೆ ಅನ್ಸಿದ್ದು ಯಾವಾಗಿಂದ?”

ಅವಳು ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ದೂರ ಬಂದದ್ದು ಅದಕ್ಕಲ್ಲ.

“ನಿಮ್ಮ ಮದುವೆ ದಿನದಿಂದ, ಭಾವ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಭಾವ ನಗತೊಡಗಿದ. ಬೆಣ್ಣೆಯಂಥ ನಗೆಯಲ್ಲ, ಕೆಮ್ಮು ಬರುವಂಥ ನಗೆ. “ಇಪ್ಪತ್ತೆರಡು ವರ್ಷ,” ಎಂದ. “ನಾನು ನಿನ್ನ ಮುಖ ನೋಡೋಕೇ ಹೆದರ್ತಿದ್ದೆ. ನೋಡಿದಾಗೆಲ್ಲ ಏನೋ ತಪ್ಪು ಮಾಡಿದೀನಿ ಅನ್ಸೋದು.”

ಅಕ್ಕ ಚಹಾ ತಂದು ಗಂಡನ ಮುಂದೆ ಒಂದು ಲೋಟ ಇಟ್ಟಳು, ತನಗೊಂದು ಇಟ್ಟುಕೊಂಡಳು. ತಂಗಿಗೆ ತಂದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಖಾಲಿ ಲೋಟವೊಂದನ್ನು ತಂದು, ತನ್ನ ಲೋಟದಲ್ಲಿದ್ದ ಅರ್ಧವನ್ನು ಅದಕ್ಕೆ ಬಗ್ಗಿಸಿ, ತಂಗಿಯ ಕಡೆ ಸರಿಸಿದಳು.

ಭಾವ ಕೆಲಸಕ್ಕೆ ಮರಳಿದ. ಆದರೆ ಆ ಓಣಿಯಲ್ಲಿ ನಡೆಯಲಾರೆ ಎಂದು ಕೇಳಿಕೊಂಡು, ಬೇರೆ ಬಾಗಿಲಿನ ಕಡೆಯ ವಿಭಾಗ ಪಡೆದ. ಅಕ್ಕನ ಬೀದಿಯಲ್ಲಿ ಕೆಲವರು ಈಗಲೂ, ಏನೂ ಇಲ್ಲದೆ ನಾಯಿ ಕೂರುತ್ತಾ ಎಂದು ಪಿಸುಗುಡುತ್ತಾರಂತೆ. ಅದನ್ನು ಅಳಿಸುವ ದಾರಿ ಟೀಚರ್‌ಗೆ ಗೊತ್ತಿಲ್ಲ. ಕೇಳಿದವರಿಗೆಲ್ಲ ಕುಂಡಗಳ ಕಥೆ ಹೇಳುತ್ತಾಳೆ. ಕೆಲವರು ನಂಬುತ್ತಾರೆ.

ಉಗ್ರಾಣದವರು ತಿಂಗಳಿಗೊಮ್ಮೆ ಮೂಗಿಯನ್ನು ಕರೆಸುತ್ತಾರೆ. ಕಳೆದ ಸಲ ಹೊಸದಾಗಿ ಸೇರಿದ ಗುಮಾಸ್ತನೊಬ್ಬ ಬಾಗಿಲಲ್ಲಿ ಎದುರಾದ. ಚೀಲವನ್ನು ಎದೆಗೆ ಅವಚಿಕೊಂಡಿದ್ದ, ಅವಳನ್ನು ಕಂಡು ದೃಷ್ಟಿ ತಪ್ಪಿಸಿದ. ಅವಳೊಳಗೆ ಏನೋ ಚುರುಕ್ಕೆಂದಿತು. ಅವನ ಚೀಲದ ಬಣ್ಣ ನೀಲಿ ಎಂಬುದು, ಬೇಡವೆಂದರೂ, ಮನಸ್ಸಿನಲ್ಲಿ ಅಚ್ಚೊತ್ತಿತು. ಮೇಷ್ಟ್ರು ಒಳಗೆ ಚೀಲಗಳಿಗೆ ಬಟ್ಟೆ ಹೊದಿಸಿ ಬಂದರು. ಇವತ್ತು ಪರದೆಯ ಹಿಂದೆಯೂ ನಾನು ನಿಲ್ಲುವುದಿಲ್ಲ, ‘ಹುಡುಕು’ ಎನ್ನುವ ಆ ಒಂದು ಮಾತನ್ನೂ ನೀವೇ ಹೇಳಿ ಎಂದು ಮೂಗಿಯನ್ನು ಅವರಿಗೆ ಒಪ್ಪಿಸಿದಳು. ಹೊರಗೆ ಹೋಗಿ, ಲಾರಿಗಳು ನಿಲ್ಲುವ ಕಡೆ ಬಿಸಿಲಲ್ಲಿ ನಿಂತಳು. ಒಳಗಿನಿಂದ ಏನಾದರೂ ಕೇಳುತ್ತದೆಯೇ ಎಂದು ಕಿವಿ ತಾನಾಗಿ ಆ ಕಡೆಗೇ ಹೋಗುತ್ತಿತ್ತು. ಅವಳು ಇನ್ನೂ ಹತ್ತು ಹೆಜ್ಜೆ ದೂರ ಸರಿದಳು.